ಹೊನ್ನಿಯ ಕೈ

ಕಾಂತರಾಜು ತಂದ ಫೋಟೋದಲ್ಲಿ ನಾಲ್ಕು ಜನರಿದ್ದರು. ಅವರಿಗೆ ಬೇಕಾಗಿದ್ದದ್ದು ಮೂರು ಜನ ಮಾತ್ರ.

ಇದರಲ್ಲಿ ಚೈತನ್ಯಾ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಗೋವಿಂದರಾಜನಗರದ ಒಂದು ಅಡ್ಡರಸ್ತೆಯಲ್ಲಿ, ಬೇಕರಿಯ ಮೇಲಿನ ಒಂದೇ ಕೋಣೆಯ ಅಂಗಡಿಯಲ್ಲಿ ಕೂತು ಆರು ವರ್ಷಗಳಿಂದ ಅವಳು ಮಾಡುತ್ತಿದ್ದ ಕೆಲಸವೇ ಅದು. ಯಾರಾದರೂ ಫೋಟೋ ತಂದುಕೊಟ್ಟರೆ ಅದನ್ನು ಕಂಪ್ಯೂಟರಿನಲ್ಲಿ ಎಣ್ಣೆಬಣ್ಣದ ಚಿತ್ರದಂತೆ ತಿದ್ದಿ, ರಾಜಾಜಿನಗರದ ಪ್ರೆಸ್ಸಿನಲ್ಲಿ ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕಿಸಿ, ಅದರ ಮೇಲೆ ತಾನೇ ಕುಂಚ ಹಿಡಿದು ಬಣ್ಣವಿಲ್ಲದ ಜೆಲ್ ಬಳಿಯುತ್ತಿದ್ದಳು. ಜೆಲ್ ಒಣಗಿದ ಮೇಲೆ ಕುಂಚದ ಗೆರೆಗಳು ಉಬ್ಬಿ ನಿಂತು, ಯಾರೋ ದೊಡ್ಡ ಕಲಾವಿದರು ತಿಂಗಳುಗಟ್ಟಲೆ ಕೂತು ಬರೆದ ಹಾಗೆ ಕಾಣುತ್ತಿತ್ತು. ಮನೆ ಕಟ್ಟಿಸಿದವರಿಗೆಲ್ಲ ಹಾಲಿನ ಗೋಡೆಗೆ ಅಂಥದ್ದೊಂದು ಬೇಕೇ ಬೇಕು. ಬಂದವರು ಮೊದಲು ಕೇಳುವುದು ಸ್ವಲ್ಪ ಬೆಳ್ಳಗೆ ಮಾಡಿ ಅಂತ. ಆಮೇಲೆ ಕೇಳುವುದು ಇವರೊಬ್ಬರನ್ನು ತೆಗೆದುಬಿಡಿ ಅಂತ. ಮನೆ ಬಿಟ್ಟು ಹೋದ ಸೊಸೆ, ಕೋರ್ಟು ಹತ್ತಿದ ತಮ್ಮ, ಮದುವೆ ಫೋಟೋದಲ್ಲಿ ಅಡ್ಡ ಬಂದು ನಿಂತ ಅಡುಗೆ ಭಟ್ಟರು, ಎಲ್ಲರನ್ನೂ ಅವಳು ಕೈ ನಡುಗದೆ ಅಳಿಸಿದ್ದಳು. ಅಳಿಸಿದ ಜಾಗದಲ್ಲಿ ಒಂದು ಹೂಕುಂಡ ಇಟ್ಟರೆ ಮುಗಿಯಿತು. ಚಿತ್ರಕಲೆ ಓದಿದವಳು ಹೊಟ್ಟೆಪಾಡಿಗೆ ಮನುಷ್ಯರನ್ನು ಅಳಿಸುತ್ತಾ ಕೂತಿದ್ದೀನಲ್ಲ ಎಂದು ಒಮ್ಮೊಮ್ಮೆ ತನ್ನ ಮೇಲೆಯೇ ರೇಗಿಕೊಳ್ಳುತ್ತಿದ್ದಳು, ಅಷ್ಟೇ.

ಆದರೆ ಈ ಸಲ ಅಳಿಸಬೇಕಾಗಿದ್ದದ್ದು ಐದು ವರ್ಷದ ಒಂದು ಹುಡುಗಿಯನ್ನು.

ಫೋಟೋ ನಲವತ್ತು ವರ್ಷ ಹಳೆಯದು. ಬ್ಯಾಡರಹಳ್ಳಿ ಇನ್ನೂ ಹಳ್ಳಿಯೇ ಆಗಿದ್ದಾಗ ರಾಗಿ ಹೊಲದ ಬದುವಿನ ಮೇಲೆ ನಿಲ್ಲಿಸಿ ತೆಗೆದದ್ದು. ದಪ್ಪ ಮೀಸೆಯ ನಂಜುಂಡಪ್ಪ, ಈಗವರಿಲ್ಲ. ಪಕ್ಕದಲ್ಲಿ ತಲೆ ಮೇಲೆ ಸೆರಗು ಹೊದ್ದ ಅವರ ಹೆಂಡತಿ ಲಿಂಗಮ್ಮ. ಅವರ ಪಕ್ಕ ಚಡ್ಡಿ ತೊಟ್ಟ ಹತ್ತು ವರ್ಷದ ಕಾಂತರಾಜು. ಕೊನೆಯಲ್ಲಿ, ಅವನ ಕೈ ಹಿಡಿದುಕೊಂಡು, ಎರಡು ಜಡೆ ಹಾಕಿ ಲಂಗ ಉಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಹುಡುಗಿ. ಆ ಹೊಲದಲ್ಲೇ ಈಗ ಕಾಂತರಾಜು ಮೂರು ಮಹಡಿಯ ಮನೆ ಕಟ್ಟಿಸಿದ್ದರು. ಬರುವ ಶುಕ್ರವಾರ ಗೃಹಪ್ರವೇಶ. ಹಾಲಿನ ಗೋಡೆಗೆ ಐದಡಿ ಅಗಲದ ಚಿತ್ರ ಬೇಕಾಗಿತ್ತು.

“ಈ ಹುಡುಗಿ ಇರ್ಬಾರ್ದು,” ಅಂದರು ಕಾಂತರಾಜು. “ಇದ್ದ ಗುರುತೂ ಇರ್ಬಾರ್ದು.”

ಕೆಲಸ ಮುಗಿದ ಮೇಲೆ ಹಳೆಯ ಫೋಟೋ ತಮ್ಮ ಕೈಗೇ ವಾಪಸ್ ಬರಬೇಕು, ಕಂಪ್ಯೂಟರಿನಲ್ಲೂ ಅದರ ನಕಲು ಉಳಿಯಬಾರದು ಎಂದೂ ಹೇಳಿದರು. ಜೋರು ದನಿಯ ಮನುಷ್ಯರಲ್ಲ. ಆದರೆ ಚೈತನ್ಯಾಳ ಅಂಗಡಿ ಇದ್ದ ಕಟ್ಟಡ ಅವರದು, ಬರುವ ತಿಂಗಳು ಅಗ್ರಿಮೆಂಟು ಮುಗಿಯುವುದಿತ್ತು. ಹೀಗಾಗಿ ಅವರು ಮೆಲ್ಲಗೆ ಹೇಳಿದ್ದೂ ಅವಳ ಕಿವಿಗೆ ಜೋರಾಗಿಯೇ ಕೇಳಿಸಿತು. ಯಾರು ಈ ಹುಡುಗಿ ಎಂದು ಅವಳು ಕೇಳಲಿಲ್ಲ. ಕೇಳಬಾರದು ಎನ್ನುವುದು ಈ ಕಸುಬಿನಲ್ಲಿ ಅವಳು ಕಲಿತ ಮೊದಲ ಪಾಠ.

ಶನಿವಾರ ಫೋಟೋ ಸ್ಕ್ಯಾನ್ ಮಾಡಿ ಕೂತಳು. ಬೂಷ್ಟಿನ ಕಲೆ ತೆಗೆದಳು. ಕಪ್ಪು ಬಿಳುಪಿನ ಹೊಲಕ್ಕೆ ಹಸಿರು ಹೊನ್ನು ಬೆರೆಸಿದ ಬಣ್ಣ ಬಂತು, ಲಿಂಗಮ್ಮನ ಸೀರೆಗೆ ಕುಂಕುಮದ ಕೆಂಪು ಬಂತು. ಹುಡುಗಿಯನ್ನು ಕಾಲಿನಿಂದ ಮೇಲಕ್ಕೆ ಅಳಿಸುತ್ತಾ ಹೋಗಿ, ಆ ಜಾಗದಲ್ಲಿ ರಾಗಿ ತೆನೆ ತುಂಬಿದಳು. ಎಲ್ಲಾ ಸಲೀಸಾಗಿ ಆಯಿತು, ಆಗದೆ ಉಳಿದದ್ದು ಹುಡುಗನ ಕೈ ಒಂದೇ. ಹುಡುಗಿ ಹೋದ ಮೇಲೂ ಆ ಕೈ ಏನನ್ನೋ ಹಿಡಿದುಕೊಂಡೇ ಇತ್ತು. ಬೆರಳುಗಳು ಗಾಳಿಯನ್ನು ಬಿಗಿಯಾಗಿ ಹಿಡಿದು ನಿಂತಿರುವುದು ನೋಡಲು ಒಂಥರಾ ಭಯವಾಗುತ್ತಿತ್ತು. ಏನಾದರೂ ಕೊಡಬೇಕಲ್ಲ ಎಂದುಕೊಂಡು ಆ ಕೈಗೆ ಒಂದು ಬುಗುರಿ ಕೊಟ್ಟಳು. ಹಳ್ಳಿ ಹುಡುಗ, ಹತ್ತು ವರ್ಷ, ಇನ್ನೇನು ಹಿಡಿದಿರುತ್ತಾನೆ? ಮರದ ಬುಗುರಿ, ಅದರ ಸುತ್ತ ಕೆಂಪು ದಾರ. ತನ್ನ ಜಾಣತನಕ್ಕೆ ತಾನೇ ಮೆಚ್ಚಿಕೊಂಡು ಭಾನುವಾರ ಸಂಜೆ ಚಿತ್ರವನ್ನು ಕಾಂತರಾಜು ಅವರ ಮೊಬೈಲಿಗೆ ಕಳಿಸಿದಳು.

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ನಿಂತಿದ್ದರು. ಮುಖ ಬೂದಿ ಬಳಿದಂತಿತ್ತು. ಒಳಗೆ ಬಂದು ಬಾಗಿಲು ಹಾಕಿದರು.

“ಬುಗುರಿ ವಿಷ್ಯ ನಿಮ್ಗೆ ಯಾರ್ ಹೇಳಿದ್ರು?”

ಚೈತನ್ಯಾಳಿಗೆ ತಲೆ ಬುಡ ಅರ್ಥವಾಗಲಿಲ್ಲ. ಯಾರೂ ಹೇಳಲಿಲ್ಲ ಸಾರ್, ಕೈ ಖಾಲಿ ಕಾಣುತ್ತಿತ್ತು, ಅದಕ್ಕೆ ಹಾಕಿದೆ ಅಂದಳು. ನಮ್ಮಮ್ಮ ಬಂದಿದ್ದರಾ ಇಲ್ಲಿಗೆ ಎಂದು ಅವರು ಎರಡು ಸಲ ಕೇಳಿದರು. ಅವರಮ್ಮನನ್ನು ತಾನು ನೋಡಿಯೇ ಇಲ್ಲ ಎಂದು ಅವಳು ಎರಡು ಸಲವೂ ಹೇಳಿದಳು. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಅಷ್ಟು ಹೊತ್ತೂ ಅವರು ಕಂಪ್ಯೂಟರಿನ ಪರದೆ ಕಡೆಗೆ ತಿರುಗಿಯೂ ನೋಡಲಿಲ್ಲ ಎನ್ನುವುದನ್ನು ಅವಳು ಗಮನಿಸಿದಳು.

“ತೆಗೀರಿ ಅದನ್ನ. ಕೈನೇ ಕಾಣೋದ್ ಬೇಡ,” ಅಂದು ಎದ್ದರು. ಹೋಗುವಾಗ ಬಾಗಿಲ ಹತ್ತಿರ ನಿಂತು, ಅಗ್ರಿಮೆಂಟಿನ ಮಾತು ಗೃಹಪ್ರವೇಶ ಆದ ಮೇಲೆ ಆಡೋಣ ಎಂದು ಸೇರಿಸಿದರು.

ಅವಳು ಬುಗುರಿ ತೆಗೆದು, ಹುಡುಗನ ಕೈಯನ್ನು ಬೆನ್ನ ಹಿಂದಕ್ಕೆ ಕಳಿಸಿದಳು. ಈಗ ಅವನು ಏನೋ ತಪ್ಪು ಮಾಡಿ ಬಚ್ಚಿಟ್ಟುಕೊಂಡವನ ಹಾಗೆ ಕಂಡ. ಇರಲಿ, ಹೇಳಿದ್ದಷ್ಟು ಮಾಡಿದರೆ ಸಾಕು ಎಂದು ಅಂದೇ ಪ್ರಿಂಟಿಗೆ ಕಳಿಸಿದಳು.

ಮಂಗಳವಾರ ಮಧ್ಯಾಹ್ನ ಲಿಂಗಮ್ಮ ಬಂದರು.

ಎಪ್ಪತ್ತು ದಾಟಿದ ಹೆಂಗಸು. ಕಣ್ಣಿನ ನರ ಒಣಗಿ ಎರಡು ವರ್ಷಗಳಿಂದ ಬೆಳಕು ಕತ್ತಲೆಗಿಂತ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಮನೆಗೆಲಸಕ್ಕಿದ್ದ ಮುತ್ತವ್ವ, ಬಾಗಲಕೋಟೆ ಕಡೆಯಿಂದ ಬಂದವಳು, ಅವರನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಕುರ್ಚಿಯಲ್ಲಿ ಕೂರಿಸಿ, ತಾನು ಹೊರಗೆ ಹೋಗಿ ಕೂತಳು. ಆಸ್ಪತ್ರೆಗೆ ಎಂದು ಹೇಳಿ ಆಟೋದಲ್ಲಿ ಬಂದಿದ್ದರು. ಭಾನುವಾರ ರಾತ್ರಿ ಮಗ ಮೊಬೈಲಿನಲ್ಲಿ ಹೆಂಡತಿಗೆ ಚಿತ್ರ ತೋರಿಸಿದಾಗ ಮುತ್ತವ್ವ ಹಿಂದಿನಿಂದ ನೋಡಿದ್ದಳಂತೆ. ಎಷ್ಟು ಜನ ಇದ್ದಾರೆ ಎಂದು ಲಿಂಗಮ್ಮ ಕೇಳಿದ್ದಕ್ಕೆ, ಮೂರು ಮಂದಿ ಅದಾರ್ರಿ ಅಂದಳಂತೆ.

“ಅವಳು ನನ್ನ ಮಗಳು ಕಣವ್ವ. ಹೊನ್ನಿ,” ಅಂದರು ಲಿಂಗಮ್ಮ.

ಕಾಂತರಾಜು ಈಗಲೇ ಮೆಟ್ಟಿಲು ಹತ್ತಿ ಬಂದರೆ ಗತಿಯೇನು ಎಂದು ಚೈತನ್ಯಾ ಬಾಗಿಲ ಕಡೆ ನೋಡಿದಳು. ಲಿಂಗಮ್ಮ ಅವಸರವಿಲ್ಲದೆ ಹೇಳಿದರು. ಫೋಟೋ ತೆಗೆಸಿದ ಎಂಟನೇ ದಿನ ಅವರು ಕಳೆ ಕೀಳಲು ಹೋಗುವಾಗ, ತಂಗಿಯ ಕೈ ಬಿಡಬೇಡ ಎಂದು ಮಗನಿಗೆ ಹೇಳಿದ್ದರು. ಹೊಲದ ಮೂಲೆಯಲ್ಲಿ ಬಾವಿ, ಅದಕ್ಕೆ ಕಟ್ಟೆ ಇರಲಿಲ್ಲ. ಓಣಿಯ ಹುಡುಗರು ಆಟಕ್ಕೆ ಕರೆದರು.

“ಬುಗುರಿಗೆ ದಾರ ಸುತ್ತಕ್ಕೆ ಎರಡೂ ಕೈ ಬೇಕಲ್ಲವ್ವ,” ಅಂದರು. “ಅಷ್ಟಕ್ಕೇ ಬಿಟ್ಟಿದ್ದು ಅವನು.”

ಅಪ್ಪ ಅವನನ್ನು ಹೊಡೆದರು. ಬಾವಿ ಮುಚ್ಚಿಸಿದರು. ಅವತ್ತಿನಿಂದ ಆ ಮನೆಯಲ್ಲಿ ಹೊನ್ನಿ ಎನ್ನುವ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದರೆ ಕಾಂತರಾಜು ಊಟ ಬಿಟ್ಟು ಏಳುತ್ತಿದ್ದರು. ಅಷ್ಟು ವರ್ಷವೂ ಲಿಂಗಮ್ಮ ಟ್ರಂಕಿನಿಂದ ಫೋಟೋ ತೆಗೆದು ಒಬ್ಬರೇ ನೋಡಿಕೊಂಡರು, ಕಣ್ಣು ಹೋದ ಮೇಲೆ ಅದೂ ಇಲ್ಲ. ಈಗ ಮಗ ಅವಳು ಆಡಿದ ಹೊಲದಲ್ಲೇ ಮನೆ ಕಟ್ಟಿಸಿದ್ದಾನೆ, ಎಲ್ಲರೂ ಬಲಗಾಲಿಟ್ಟು ಒಳಗೆ ಬರುತ್ತಾರೆ, ಅವಳೊಬ್ಬಳು ಹೊರಗೆ.

ಮೊನ್ನೆ ತಾನು ಮೆಚ್ಚಿಕೊಂಡು ಕೊಟ್ಟ ಬುಗುರಿ ನೆನಪಾಗಿ ಚೈತನ್ಯಾಳಿಗೆ ನಾಚಿಕೆಯಾಯಿತು. ಮಗನಿಗೆ ತಿಳಿಯದಂತೆ ಫೋಟೋದ ಒಂದು ನಕಲು ಮಾಡಿಕೊಡುತ್ತೇನೆ ಅಂದಳು.

“ಕಾಗದ ತಕ್ಕಂಡು ಏನ್ ಮಾಡ್ಲವ್ವ. ಕಾಗದ ಎಲ್ಲಾ ಒಂದೇ ತರ ನುಣ್ಣಗಿರ್ತದೆ.”

ಹಾಗೆ ಹೇಳುತ್ತಲೇ ಅವರ ಕೈ ಪಕ್ಕದ ಗೋಡೆಗೆ ಒರಗಿಸಿದ್ದ ಕ್ಯಾನ್ವಾಸಿನ ಮೇಲೆ ಬಿತ್ತು. ಗಿರಾಕಿಗಳಿಗೆ ತೋರಿಸಲು ಇಟ್ಟಿದ್ದ ಮಾದರಿ, ಜೆಲ್ ಬಳಿದದ್ದು. ಬೆರಳುಗಳು ಉಬ್ಬಿನ ಮೇಲೆ ಹತ್ತಿ ಇಳಿದು, ಒಂದು ಕಡೆ ನಿಂತವು.

“ಇದು ಬಸವನ ಕೊಂಬು,” ಅಂದರು. ಹೌದು, ಅದು ಬಸವನದೇ ಚಿತ್ರ. ಅವರು ಕೊಂಬಿನಿಂದ ಹಣೆಗೆ, ಹಣೆಯಿಂದ ಕೊರಳ ಗಂಟೆಗೆ ಬಂದರು. ಆಮೇಲೆ ಕೈ ತೆಗೆದು ಚೈತನ್ಯಾಳ ಕಡೆ ಮುಖ ಮಾಡಿದರು.

“ಕಣ್ಣಿಗೆ ಕಾಣದಂಗೆ, ಕೈಗೆ ಸಿಗಂಗೆ ಅವಳನ್ನ ಮಾಡ್ಕೊಡವ್ವ. ಅವನು ನೋಡೋದ್ ಬ್ಯಾಡ. ನೋಡಿದ್ರೆ ನೊಂದ್ಕೋತಾನೆ.”

ಆಗಲಿ ಎಂದುಬಿಟ್ಟಳು ಚೈತನ್ಯಾ. ಅವರು ಮೆಟ್ಟಿಲಿಳಿದು ಹೋದ ಮೇಲೆ ಅವಳಿಗೆ ಬರುವ ತಿಂಗಳ ಅಗ್ರಿಮೆಂಟು ನೆನಪಾಯಿತು. ಆದರೆ ಕೊಟ್ಟ ಮಾತು ಕೊಟ್ಟಾಗಿತ್ತು.

ಬುಧವಾರ ಪ್ರಿಂಟ್ ಬಂತು. ಬಾಗಿಲು ಅರ್ಧ ಮುಚ್ಚಿಕೊಂಡು ಕೂತಳು. ಹಳೆಯ ಫೋಟೋದ ಹುಡುಗಿಯನ್ನು ಕ್ಯಾನ್ವಾಸಿನ ಅಳತೆಗೆ ಹಿಗ್ಗಿಸಿ ತೆಳು ಕಾಗದದಲ್ಲಿ ಪ್ರಿಂಟ್ ಹಾಕಿ, ಅಂಚಿನುದ್ದಕ್ಕೂ ಕತ್ತರಿಸಿದಳು. ಕ್ಯಾನ್ವಾಸಿನ ರಾಗಿ ತೆನೆಗಳ ಮೇಲೆ ಆ ಕಾಗದ ಇಟ್ಟು, ಅದರ ಅಂಚು ಹಿಡಿದು ಜೆಲ್ ಎಳೆದಳು. ಸುತ್ತ ತೆನೆಗೆ ಒಂದು ದಿಕ್ಕಿನ ಗೆರೆ, ಹುಡುಗಿಯ ಲಂಗಕ್ಕೆ ಇನ್ನೊಂದು ದಿಕ್ಕಿನದು. ಜಡೆಗೆ ಹೆಣಿಗೆಯ ಉಬ್ಬು. ಮೂಗಿಗೆ ಅಕ್ಕಿಕಾಳಿನಷ್ಟು ಜೆಲ್. ಫೋಟೋದಲ್ಲಿ ಹುಡುಗಿಯ ಬೆರಳುಗಳು ಅಣ್ಣನ ಮುಷ್ಟಿಯೊಳಗೆ ಮುಚ್ಚಿಹೋಗಿದ್ದವು, ಹಾಗಾಗಿ ಅವನ್ನು ಮಾತ್ರ ಊಹೆಯ ಮೇಲೆ ಬರೆದಳು. ಬರೆದು ದೂರ ನಿಂತು ನೋಡಿದಳು. ಎದುರಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ರಾಗಿ ಹೊಲ ಬಿಟ್ಟು ಏನೂ ಕಾಣಲಿಲ್ಲ. ಕಣ್ಣು ಮುಚ್ಚಿ ಒಣಗಿದ ಕಡೆ ಕೈಯಾಡಿಸಿದರೆ ಜಡೆ ಸಿಕ್ಕಿತು. ಅವಳು ಓದಿದ ಕಲೆ ಇಷ್ಟು ವರ್ಷಗಳಲ್ಲಿ ಒಂದು ಸಲ ಪೂರ್ತಿ ಕೆಲಸಕ್ಕೆ ಬಂದಿತ್ತು, ಅದೂ ಯಾರಿಗೂ ತೋರಿಸುವಂತಿಲ್ಲ.

ಗುರುವಾರ ಸಂಜೆ ಕಾಂತರಾಜು ಇಬ್ಬರು ಆಳುಗಳೊಂದಿಗೆ ಬಂದರು. ಕ್ಯಾನ್ವಾಸಿನ ಎದುರು ನಿಂತರು. ಅಪ್ಪನನ್ನು ನೋಡಿದರು, ಅಮ್ಮನನ್ನು ನೋಡಿದರು, ರಾಗಿ ತೆನೆಯ ಮೇಲೆ ಕಣ್ಣು ನಿಲ್ಲಿಸಿದರು. ತುಂಬಾ ಹೊತ್ತು ನಿಲ್ಲಿಸಿದರು. ಆಮೇಲೆ ಆ ಜಾಗದ ಕಡೆಗೇ ಕೈ ಚಾಚಿದರು.

“ಮುಟ್ಬೇಡಿ ಸಾರ್, ಇನ್ನೂ ಹಸಿ ಇದೆ,” ಅಂದಳು ಚೈತನ್ಯಾ. ಹಸಿ ಇರಲಿಲ್ಲ.

ಅವರು ಕೈ ಹಿಂದೆಗೆದುಕೊಂಡರು. ಅವಳು ಅವರೆದುರೇ ಫೈಲುಗಳನ್ನು ಅಳಿಸಿ ತೋರಿಸಿದಳು, ಹಳೆಯ ಫೋಟೋ ಕೈಗಿಟ್ಟಳು. ಅವರು ಅದನ್ನು ನೋಡದೆ ಪರ್ಸಿನೊಳಗೆ ತೂರಿಸಿದರು. ಹೋಗುವಾಗ ನಾಳೆ ಬನ್ನಿ ಅಂದರು. ಇವರು ಮೊದಲು ಇಲ್ಲಿಂದ ಹೊರಟರೆ ಸಾಕು ಎನ್ನುವ ಗಾಬರಿಯಲ್ಲಿ, ಪ್ರತಿ ಗಿರಾಕಿಗೂ ತಪ್ಪದೆ ಹೇಳುವ ಒಂದು ಮಾತನ್ನು ಚೈತನ್ಯಾ ಅವತ್ತು ಹೇಳದೆ ಬಿಟ್ಟಳು. ಲೈಟು ಎದುರಿನಿಂದಲೇ ಬೀಳಬೇಕು, ಚಿತ್ರದ ತಲೆ ಮೇಲೆ ಹಾಕಿಸಬೇಡಿ, ಜೆಲ್ಲಿನ ಉಬ್ಬೆಲ್ಲಾ ಎದ್ದು ಕಾಣುತ್ತದೆ ಎನ್ನುವ ಮಾತು.

ಅದು ನೆನಪಾದದ್ದು ಶುಕ್ರವಾರ ಹನ್ನೊಂದು ಗಂಟೆಗೆ, ಬ್ಯಾಡರಹಳ್ಳಿಯ ಹೊಸ ಮನೆಯ ಹಾಲಿನಲ್ಲಿ.

ಹೋಮ ಮುಗಿದಿತ್ತು, ಹೊಗೆ ಇನ್ನೂ ಹೋಗಿರಲಿಲ್ಲ. ಹಾಲಿನ ತುಂಬಾ ನೆಂಟರು. ಚಿತ್ರವನ್ನು ಒಳಗಿನ ದೊಡ್ಡ ಗೋಡೆಗೆ, ಸೋಫಾದ ಹಿಂದೆ ಎದೆಮಟ್ಟಕ್ಕೆ ಹಾಕಿದ್ದರು. ಎಲ್ಲರೂ ಚಿತ್ರ ಹೊಗಳುತ್ತಿದ್ದರು, ನಂಜುಂಡಪ್ಪ ಎದ್ದು ಬರುವ ಹಾಗಿದ್ದಾರೆ ಅನ್ನುತ್ತಿದ್ದರು. ಮುತ್ತವ್ವ ಲಿಂಗಮ್ಮನನ್ನು ಕರೆತಂದು ಸೋಫಾದ ತುದಿಯಲ್ಲಿ ಕೂರಿಸಿದಳು. ಅವರು ಸುಮ್ಮನೆ ಕೂತವರಂತೆ ಕೂತು, ಸ್ವಲ್ಪ ಹೊತ್ತಿನ ಮೇಲೆ ಹಿಂದಕ್ಕೆ ಕೈ ಎತ್ತಿದರು. ಬೆರಳು ಕ್ಯಾನ್ವಾಸಿನ ಮೇಲೆ ತಡಕಾಡಿತು, ತೆನೆ ದಾಟಿತು, ಲಂಗದ ನೆರಿಗೆ ಹತ್ತಿ ಜಡೆಗೆ ಬಂತು. ಜಡೆಯ ಮೇಲೆ ಬೆರಳು ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಹೋಯಿತು. ಲಿಂಗಮ್ಮನ ಮುಖದಲ್ಲಿ ಕಂಡ ನೆಮ್ಮದಿ ನೋಡಿ ಚೈತನ್ಯಾಳಿಗೆ ಕಣ್ಣು ತುಂಬಿತು. ತುಂಬಿದ ಕಣ್ಣನ್ನು ಒರೆಸಿಕೊಳ್ಳಲು ತಲೆ ಎತ್ತಿದಾಗ ಕಂಡಿತು, ಚಿತ್ರಕ್ಕೆ ಸರಿಯಾಗಿ ಮೇಲೆ, ಪಿಒಪಿ ಸೀಲಿಂಗಿನ ಅಂಚಿನಲ್ಲಿ, ಗೋಡೆಗೆ ಅಂಟಿಕೊಂಡಂತೆ ಕೆಳಮುಖವಾಗಿ ಕೂರಿಸಿದ್ದ ಉದ್ದನೆಯ ಲೈಟು. ಇನ್ನೂ ಹಾಕಿರಲಿಲ್ಲ.

ಅಷ್ಟರಲ್ಲಿ ಕಾಂತರಾಜು ತಮ್ಮ ಚಿಕ್ಕಪ್ಪ ಉಗ್ರಪ್ಪನವರಿಗೆ ಮನೆಯ ಲೈಟುಗಳನ್ನು ತೋರಿಸುತ್ತಾ ಬಂದರು. ಸ್ವಿಚ್ ಬೋರ್ಡಿನ ಮುಂದೆ ನಿಂತು ಒಂದೊಂದಾಗಿ ಒತ್ತತೊಡಗಿದರು. ನಡುವಿನ ಗೊಂಚಲು ದೀಪ ಹೊತ್ತಿತು. ಮೂಲೆಯ ಹಳದಿ ದೀಪಗಳು ಹೊತ್ತಿದವು. ದೇವರ ಕೋಣೆಯದು ಹೊತ್ತಿತು. ಚೈತನ್ಯಾ ಜನರನ್ನು ಸರಿಸಿಕೊಂಡು ಹತ್ತಿರ ಹೋದಳು. ಚಿತ್ರದ ಮೇಲಿನ ಲೈಟು ಹಾಕಬೇಡಿ ಸಾರ್, ಬಣ್ಣ ಹಾಳಾಗುತ್ತೆ ಅಂದಳು. ಅವಳ ದನಿ ಅವಳಿಗೇ ವಿಚಿತ್ರವಾಗಿ ಕೇಳಿಸಿತು.

“ಎಲ್‌ಇಡಿ ಕಣಮ್ಮ, ಏನೂ ಆಗಲ್ಲ,” ಎಂದು ಕಾಂತರಾಜು ಆ ದಿನ ಮೊದಲ ಸಲ ನಕ್ಕು, ಕೊನೆಯ ಸ್ವಿಚ್ ಒತ್ತಿದರು.

ಬೆಳಕು ಮೇಲಿನಿಂದ ಗೋಡೆಯನ್ನು ಸವರಿಕೊಂಡು ಇಳಿಯಿತು. ರಾಗಿ ಹೊಲದೊಳಗಿಂದ ಹುಡುಗಿ ಎದ್ದು ನಿಂತಳು. ಬಣ್ಣವಿಲ್ಲ, ಬರೀ ಬೆಳಕು ನೆರಳಿನ ಹುಡುಗಿ. ಎರಡು ಜಡೆ, ಲಂಗದ ನೆರಿಗೆ, ಕಿರಿದಾದ ಕಣ್ಣು. ಒಂದು ಕೈ ಅಣ್ಣನ ಕಡೆಗೆ ಚಾಚಿತ್ತು. ಚಾಚಿದ ಕೈಯಲ್ಲಿ ಏನೂ ಇರಲಿಲ್ಲ, ಅಣ್ಣನ ಕೈ ಅವನ ಬೆನ್ನ ಹಿಂದೆ ಇತ್ತು.

ಹಾಲಿನಲ್ಲಿ ಮಾತು ನಿಂತಿತು. ಹಿಂದೆ ಇದ್ದವರಿಗೆ ಗೊತ್ತಾಗದೆ ಸ್ವಲ್ಪ ಗಲಾಟೆ ಉಳಿದಿತ್ತು, ಅದೂ ನಿಂತಿತು. ವಯಸ್ಸಾದವರಲ್ಲಿ ಒಬ್ಬಿಬ್ಬರಿಗೆ ಗುರುತು ಸಿಕ್ಕಿತು, ಒಬ್ಬಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. ಚೈತನ್ಯಾ ಕಾಂತರಾಜು ಅವರ ಮುಖವನ್ನೇ ನೋಡುತ್ತಾ ನಿಂತಳು. ಈಗ ಚಿತ್ರ ಗೋಡೆಯಿಂದ ಕೆಳಗೆ ಬೀಳುತ್ತದೆ, ಅಂಗಡಿ ಹೋಗುತ್ತದೆ, ಹೋಗಲಿ. ಆ ಮುದುಕಿಯ ಕೈಯಿಂದ ಮಗಳು ಎರಡನೇ ಸಲ ಹೋಗುತ್ತಾಳಲ್ಲ ಎನ್ನುವುದೇ ಅವಳ ಸಂಕಟವಾಗಿತ್ತು.

“ಶುಭಕಾರ್ಯದ ದಿನ ಇದೇನಪ್ಪ. ಆರ್ಸು ಅದನ್ನ,” ಎಂದು ಉಗ್ರಪ್ಪನವರು ತಾವೇ ಸ್ವಿಚ್ಚಿಗೆ ಕೈ ಹಾಕಿದರು.

“ಇರ್ಲಿ ಬಿಡಿ ಚಿಕ್ಕಪ್ಪ,” ಅಂದರು ಕಾಂತರಾಜು.

ಲಿಂಗಮ್ಮನಿಗೆ ಗಾಬರಿಯಾಗಿತ್ತು. ಅವರ ಬೆರಳು ಜಡೆಯ ಮೇಲೆಯೇ ಇತ್ತು.

“ಯಾಕೆ ಎಲ್ಲಾ ಸುಮ್ಕಾದ್ರಿ? ಕಾಂತಾ, ಏನಾಯ್ತಪ್ಪ?”

ಕಾಂತರಾಜು ನಡೆದು ಬಂದು ತಾಯಿಯ ಕಾಲ ಬಳಿ ನೆಲದ ಮೇಲೆ ಕೂತರು. ಐವತ್ತು ವರ್ಷದ ಮನುಷ್ಯ, ರೇಷ್ಮೆ ಪಂಚೆ, ಅಷ್ಟು ಜನ ನೆಂಟರ ಮುಂದೆ.

“ಹೊನ್ನಿ ಬಂದವ್ಳೆ ಅವ್ವ.”

ಲಿಂಗಮ್ಮ ಚಿತ್ರದ ಮೇಲಿದ್ದ ಕೈ ತೆಗೆದು ಮಗನ ತಲೆಯ ಮೇಲಿಟ್ಟರು. ಕಾಂತರಾಜು ಹಾಗೇ ಕೂತು ಅತ್ತರು. ಎಲೆ ಹಾಕುವ ಹೊತ್ತಾಗಿದೆ ಎಂದು ಅಡುಗೆಯವರು ಬಾಗಿಲವರೆಗೆ ಬಂದು, ನೋಡಿ, ಹಿಂದಕ್ಕೆ ಹೋದರು.

ಸುಮಾರು ಹೊತ್ತಾದ ಮೇಲೆ ಕಾಂತರಾಜು ಮುಖ ಒರೆಸಿಕೊಂಡು ಎದ್ದು ಚಿತ್ರದ ಮುಂದೆ ನಿಂತರು. ಬೆಳಕಿನ ಹುಡುಗಿ ಚಾಚಿದ ಕೈಯನ್ನೂ, ಬೆನ್ನ ಹಿಂದೆ ಕೈ ಬಚ್ಚಿಟ್ಟುಕೊಂಡ ಹುಡುಗನನ್ನೂ ನೋಡಿದರು. ಚೈತನ್ಯಾಳನ್ನು ಹತ್ತಿರ ಕರೆದರು. ಅವಳು ಬೈಗುಳಕ್ಕೆ ಸಿದ್ಧಳಾಗಿಯೇ ಹೋದಳು.

“ನನ್ ಕೈ ವಾಪಸ್ ಹಾಕಕ್ಕಾಗುತ್ತಾ?” ಎಂದು ಮೆಲ್ಲಗೆ ಕೇಳಿದರು. “ಹಿಡ್ಕೊಂಡಿರೋ ಹಾಗೆ.”

ಆಗುತ್ತೆ ಸಾರ್, ಆದರೆ ಫೈಲು ಅಳಿಸಿದೆನಲ್ಲ, ಹಳೆಯ ಫೋಟೋ ಬೇಕು ಅಂದಳು. ಅವರು ಪರ್ಸು ತೆಗೆದರು. ಫೋಟೋ ಅಲ್ಲೇ ಇತ್ತು. ಅದನ್ನು ನಲವತ್ತು ವರ್ಷಗಳಲ್ಲಿ ಮೊದಲ ಸಲ ನೇರವಾಗಿ ನೋಡಿ, ಅವಳ ಕಡೆಗೆ ಚಾಚಿದರು. ಅವಳು ಹಿಡಿದುಕೊಂಡಳು. ಅವರು ಮಾತ್ರ ಸ್ವಲ್ಪ ಹೊತ್ತು ಬಿಡಲಿಲ್ಲ.